ಮಾವ ಹೊಲಿದ ನೆಲ

ನಮ್ಮ ಸೋದರಮಾವನಿಗೆ ಹುಚ್ಚು ಹಿಡಿದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ಅನುಮಾನ ಬಂದೇ ಬರುತ್ತದೆ. ನನಗೂ ಬಂದಿತ್ತು. ಮಾವ ಇರುವ ಅಂದೋಲಾದ ಅರ್ಧ ಊರಿಗೆ ಬಂದಿತ್ತು. ಇನ್ನರ್ಧ ಊರಿಗೆ ಅನುಮಾನವೇನೂ ಇರಲಿಲ್ಲ, ಖಾತ್ರಿಯೇ ಆಗಿತ್ತು!

ನೀವೇ ಹೇಳಿ. ನಮ್ಮ ಕಡೆ ನೆಲವೆಂದರೆ ಫರಸಿ. ಶಹಾಬಾದಿ ಕಲ್ಲು. ಪಡಸಾಲೆಗೆ ಫರಸಿ, ಅಂಗಳಕ್ಕೆ ಫರಸಿ, ಬಚ್ಚಲಿಗೆ ಫರಸಿ, ಚಹದಂಗಡಿಯ ಮುಂದೆ ಕೂಡುವುದಕ್ಕೂ ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟ ಒಂದು ಫರಸಿ. ಇಂಥ ನಾಡಿನಲ್ಲಿ ಹುಟ್ಟಿ, ಬೆಳೆದು, ತಲೆ ಬೆಳ್ಳಗಾದ ಮೇಲೆ ಒಬ್ಬ ಮನುಷ್ಯ ತನ್ನ ದನದ ಕೊಟ್ಟಿಗೆಯಲ್ಲಿ, ಹಾಸಿದ್ದ ಫರಸಿಯ ಮೇಲೆ ಗೇಣೆತ್ತರ ಎಬ್ಬಿಸಿ ಕಟ್ಟಿಗೆಯ ನೆಲ ಹಾಕುತ್ತೇನೆ ಎಂದರೆ ಏನನ್ನಬೇಕು? ಅದೂ ಬಡಿಗನನ್ನು ಕರೆಯದೆ, ಸ್ವಂತ ಕೈಯಿಂದ! ಆ ಕೈಯಾದರೂ ಎಂಥದು? ಜನ್ಮದಲ್ಲಿ ಗರಗಸ ಹಿಡಿದದ್ದಲ್ಲ, ಕತ್ತರಿ ಹಿಡಿದದ್ದು. ನಮ್ಮ ಮಾವ ಸಿಂಪಿಗ. ಊರಿನವರ ಅಂಗಿ, ಚಣ್ಣ, ಕುಪ್ಪಸ ಹೊಲಿದು ಕಣ್ಣು ಮಂಜು ಮಾಡಿಕೊಂಡವನು.

ನಾನು ಆಳಂದದಲ್ಲಿ ತೊಗರಿಯ ದಲ್ಲಾಳಿ, ಅಡತಿ ಅಂಗಡಿ ಇಟ್ಟವನು. ಇಟ್ಟವನು ಎಂದರೆ ಅಪ್ಪ ಇಟ್ಟುಕೊಟ್ಟದ್ದಲ್ಲ. ಇನ್ನೊಬ್ಬರ ಅಂಗಡಿಯಲ್ಲಿ ಚೀಲ ಹೊತ್ತು, ಆಮೇಲೆ ತಕ್ಕಡಿ ಹಿಡಿದು, ಆಮೇಲೆ ಗಾದಿಯ ಮೇಲೆ ಕೂತವನು. ಹೀಗಾಗಿ ಬಳಗದಲ್ಲಿ ಯಾರು ಏನು ಕೊಳ್ಳುವುದಿದ್ದರೂ ಮಾರುವುದಿದ್ದರೂ ನನಗೇ ಹೇಳಿಕಳಿಸುತ್ತಾರೆ. ಬಂಗಾರ, ಬಂಡಿ, ಬಾವಿಯ ಪಂಪು, ಮಗಳಿಗೆ ವರ! ಇದರಿಂದ ನಾನು ಗಳಿಸಿದ್ದು ಎರಡು: ಒಂದು ಗೌರವ, ಇನ್ನೊಂದು ಸೊಂಟನೋವು. ಎಂಬತ್ತರ ದಶಕದಲ್ಲಿ ನಮ್ಮ ಕಡೆಯ ಬಸ್ಸು ಹತ್ತಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಆಳಂದದಿಂದ ಗುಲಬರ್ಗಾ, ಅಲ್ಲಿಂದ ಜೇವರ್ಗಿ, ಅಲ್ಲಿಂದ ಅಂದೋಲಾ. ಇಳಿದ ಮೇಲೆ ಯಾವ ಎಲುಬು ಎಲ್ಲಿ ಹೋಗಿದೆ ಎಂದು ಮುಟ್ಟಿ ಮುಟ್ಟಿ ನೋಡಿಕೊಳ್ಳಬೇಕು.

ಆ ಸಲ ಹೇಳಿಕಳಿಸಿದ್ದು ಎಮ್ಮೆ ಮಾರುವುದಕ್ಕೆ.

ಎಮ್ಮೆ ಅತ್ತೆಯದು, ಅಂದರೆ ಮಾವನ ಹೆಂಡತಿಯದು. ಹೊರಗೆ ಪಡಸಾಲೆಯಲ್ಲಿ ಮಾವ ಮಷೀನು ತುಳಿದರೆ ಒಳಗಿನ ಕಾರಭಾರವೆಲ್ಲ ಅತ್ತೆ ಮತ್ತು ಎಮ್ಮೆಯ ಕೈಯಲ್ಲಿ. ಆ ಎಮ್ಮೆಗೆ ಮೈ ತಿಕ್ಕುವಾಗ ಅತ್ತೆ ಊರಿನ ಸುದ್ದಿಯನ್ನೆಲ್ಲ ಅದಕ್ಕೆ ಹೇಳುತ್ತಿದ್ದಳು. ಎಮ್ಮೆ ಮೆಲುಕು ಹಾಕುತ್ತ ಕೇಳುತ್ತಿತ್ತು. ನನಗೇನೋ ಅದಕ್ಕೆ ಅಂದೋಲಾದ ಪಂಚಾಯಿತಿ ಮೆಂಬರುಗಳಿಗಿಂತ ಹೆಚ್ಚು ವಿಷಯ ಗೊತ್ತಿತ್ತು ಅನಿಸುತ್ತದೆ.

ಅತ್ತೆಗೆ ಕೆಲವು ವರ್ಷಗಳಿಂದ ಕಿವಿ ಮಂದವಾಗಿತ್ತು. ಮಂದ ಎಂದು ನಾನು ಮರ್ಯಾದೆಗೆ ಹೇಳುತ್ತಿದ್ದೇನೆ. ಪಕ್ಕದಲ್ಲಿ ಟ್ರ್ಯಾಕ್ಟರ್ ಬಂದರೆ ಅದರ ನೆರಳು ನೋಡಿ ಸರಿದು ನಿಲ್ಲುವ ಸ್ಥಿತಿ. ಆದರೆ ಅದನ್ನು ಅವಳ ಮುಂದೆ ಅನ್ನುವ ಧೈರ್ಯ ಯಾರಿಗಿತ್ತು? ಅವಳ ಪ್ರಕಾರ ಅವಳ ಕಿವಿ ಗಟ್ಟಿಯಾಗಿಯೇ ಇತ್ತು, ಕೆಟ್ಟದ್ದು ಜಗತ್ತಿನ ಬಾಯಿ.

"ಈಗಿನ ಮಂದಿ ಬಾಯಾಗ ಹಿಟ್ಟ ಇಟಗೊಂಡು ಮಾತಾಡ್ತಾರ ನೋಡು," ಎನ್ನುವಳು.

ನಾನು ಬಸ್ಸಿಳಿದು ಬಂದವನು ಗಂಟಲು ಹರಿಯುವಂತೆ "ಆರಾಮ ಅದೀ ಅತ್ತಿ?" ಎಂದು ಕೇಳಿದರೆ, "ಯಾಕೋ ಹಂಗ ಒದರತಿ? ನಾ ಏನ್ ಕಿವುಡಿ ಅದೀನೇನು?" ಎಂದು ಮೈಮೇಲೆ ಬರುವಳು. ಮೆಲ್ಲಗೆ ಕೇಳಿದರೆ ಉತ್ತರವಿಲ್ಲ, ಜೋರಾಗಿ ಕೇಳಿದರೆ ಬೈಗುಳ. ನಾನು ಬೈಗುಳವನ್ನೇ ಆರಿಸಿಕೊಂಡಿದ್ದೆ. ಅದರಲ್ಲಿ ಕೊನೆಗೆ ಚಹವಾದರೂ ಸಿಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಅತ್ತೆ ಎಮ್ಮೆ ಹಿಂಡುತ್ತಿದ್ದಳು. ಮೇವು ಹಾಕುವ ಗೋದಲಿ ಕೊಟ್ಟಿಗೆಯ ಗೋಡೆಗೆ ಹೊಂದಿಸಿ ಕಟ್ಟಿದ್ದು. ಎಮ್ಮೆಯ ಮುಖ ಗೋಡೆಗೆ, ಹಿಂಡುವವಳ ಬೆನ್ನು ಬಾಗಿಲಿಗೆ. ಮಾವ ಕಣಕಿ ಮೇವಿನ ಬುಟ್ಟಿ ಹೊತ್ತು ಹಿಂದಿನಿಂದ ಬಂದ. ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಹೆಗಲ ಪಕ್ಕದಲ್ಲಿ ಒಮ್ಮೆಲೇ ಒಂದು ಕೈ ಕಾಣಿಸಿದ್ದೇ ತಡ, ಅತ್ತೆ ಬೆಚ್ಚಿ ಕೆಚ್ಚಲು ಜಗ್ಗಿದಳು. ಎಮ್ಮೆ ಬೆಚ್ಚಿ ಒದೆಯಿತು. ಅತ್ತೆ ಫರಸಿಯ ಮೇಲೆ ಬಿದ್ದು ಮುಂಗೈ ಮುರಿದುಕೊಂಡಳು.

ಕೈ ಕೂಡಿತು. ಆದರೆ ಅತ್ತೆ ಕೊಟ್ಟಿಗೆಯ ಹೊಸ್ತಿಲು ದಾಟುವುದನ್ನು ಬಿಟ್ಟಳು. ಎಲ್ಲಿ ಕೂತರೂ ಗೋಡೆಗೆ ಬೆನ್ನು ಹಚ್ಚಿ, ಬಾಗಿಲ ಕಡೆ ಮುಖ ಮಾಡಿ ಕೂಡತೊಡಗಿದಳು. ರೊಟ್ಟಿ ಬಡಿಯುವಾಗಲೂ ನಡುನಡುವೆ ಕೈ ನಿಲ್ಲಿಸಿ ಹಿಂದೆ ತಿರುಗಿ ನೋಡುವಳು. ಮಾತು ಕಡಿಮೆಯಾಯಿತು. ನನ್ನನ್ನು ಬೈಯುವುದೂ ಕಡಿಮೆಯಾಯಿತು. ಆಗಲೇ ನನಗೆ ನಿಜವಾಗಿ ಹೆದರಿಕೆಯಾದದ್ದು.

"ಎಮ್ಮಿ ಮಾರಿಬಿಡ್ರಿ," ಎಂದಳು ಅತ್ತೆ. "ಆ ಕಡಿ ನಾ ಇನ್ನ ಹೋಗಂಗಿಲ್ಲ."

ಈ ನಡುವೆ ಎಮ್ಮೆ ಹಿಂಡುತ್ತಿದ್ದವರು ಯಾರು? ಮಾವ! ಎಮ್ಮೆ ಅವನಿಗೆ ಹಾಲು ಬಿಡುತ್ತಿರಲಿಲ್ಲ. ಹೀಗಾಗಿ ಮಾವ ಅತ್ತೆಯ ಹಳೆಯ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಕೊಟ್ಟಿಗೆಗೆ ಹೋಗುತ್ತಿದ್ದ. ಎಮ್ಮೆ ಮೋಸ ಹೋಯಿತೋ, ಕನಿಕರ ಪಟ್ಟಿತೋ, ಚರಿಗೆಯ ತಳ ಮುಚ್ಚುವಷ್ಟು ಕೊಡುತ್ತಿತ್ತು. ಒಂದು ಸಂಜೆ ಅಂಗಿ ಹೊಲಿಯಲು ಹಾಕಿದ್ದವನೊಬ್ಬ ಮಾವನನ್ನು ಹುಡುಕುತ್ತ ಕೊಟ್ಟಿಗೆಯ ಬಾಗಿಲಿಗೇ ಬಂದುಬಿಟ್ಟ.

"ಯಮ್ಮಾ, ಯಜಮಾನ್ರು ಎಲ್ಲಿ ಹೋಗ್ಯಾರ್ರಿ? ಅಂಗಿ ಕೊಡ್ತೇನಿ ಅಂದು ಭಾಳ ದಿನ ಆತು."

ಸೆರಗಿನೊಳಗಿಂದ ಸಣ್ಣ ದನಿ ಬಂತು: "ಊರಾಗ ಇಲ್ರೀ. ನಾಳಿ ಬರ್ರಿ."

ಸಿಂಪಿಗ ಸೀರೆ ಉಟ್ಟರೂ ಸಿಂಪಿಗನೇ!

ನಾನು ಚೌಡಾಪುರದಲ್ಲಿ ಒಬ್ಬ ಗಿರಾಕಿಯನ್ನು ಗೊತ್ತುಮಾಡಿದೆ. ಮಾವ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದ.

"ಯುಗಾದಿ ತನಕ ತಡಿ ತಮ್ಮಾ. ಅಷ್ಟರಾಗ ಕೊಟ್ಟಿಗ್ಯಾಗ ಕಟಿಗಿ ನೆಲ ಹಾಕ್ತೇನಿ. ಆಮ್ಯಾಲೂ ಆಕಿ ಒಳಗ ಕಾಲಿಡಲಿಲ್ಲಂದ್ರ ಮಾರಿಬಿಡು. ನಾ ಏನೂ ಅನ್ನಂಗಿಲ್ಲ."

"ಕಟಿಗಿ ನೆಲ ಯಾಕ್ರಿ ಮಾಮಾ?"

"ಎಮ್ಮಿ ಗೊರಸಿಗೆ ಛಲೋ."

ನೆರೆಮನೆಯವರು ಕೇಳಿದರೆ, ಮಳೆಗಾಲದಲ್ಲಿ ಫರಸಿ ಬೆವರುತ್ತದೆ ಎಂದ. ಮಠದ ಮುಂದೆ ಕೂಡುವ ಹಿರಿಯರಿಗೆ, ಚೇಳಿನ ಕಾಟ ಎಂದ. ಅತ್ತೆಗೆ, ತೊಗರಿ ಚೀಲ ಇಡಲು ಎಂದ. ಒಬ್ಬೊಬ್ಬರಿಗೆ ಒಂದೊಂದು ಅಳತೆ ತೆಗೆದು ಉತ್ತರ ಹೊಲಿದುಕೊಟ್ಟ! ಊರವರು ಮಾತ್ರ, ಸಿಂಪಿಗ ಎಮ್ಮೆಗೆ ನಾಟಕದ ಸ್ಟೇಜು ಕಟ್ಟುತ್ತಿದ್ದಾನೆ ಎಂದು ತೀರ್ಮಾನಿಸಿದರು.

ಅಫಜಲಪುರದಲ್ಲಿ ಯಾವುದೋ ಸಾವಕಾರರ ಹಳೆಯ ವಾಡೆ ಕೆಡವುತ್ತಿದ್ದಾರೆಂದು ತಿಳಿದು ಕಟ್ಟಿಗೆ ಕೊಳ್ಳಲು ಹೊರಟೆವು. ಮತ್ತೆ ಬಸ್ಸು. ಮತ್ತೆ ಧೂಳು. ಇಲ್ಲೊಂದು ಬುದ್ಧಿಮಾತು, ಪುಕ್ಕಟೆ ಕೊಡುತ್ತಿದ್ದೇನೆ, ಇಟ್ಟುಕೊಳ್ಳಿ: ಹಳೆಯ ಕಟ್ಟಿಗೆ ಕೊಳ್ಳಲು ಹೋದಾಗ ಬೇಕಾದದ್ದರ ಕಡೆಗೆ ಕಣ್ಣೆತ್ತಿಯೂ ನೋಡಬೇಡಿ. ಬೇಡವಾದದ್ದನ್ನು ಮುಟ್ಟಿ, ತಟ್ಟಿ, ಉಗುರಿನಿಂದ ಕೆರೆದು ಮೂಗು ಮುರಿಯಿರಿ. ಹೊರಡುವಾಗ, ಹೋಗಲಿ ಪಾಪ ಎಂಬಂತೆ, ಬೇಕಾದದ್ದರ ಬೆಲೆ ಕೇಳಿ. ಇದನ್ನು ನಾನು ಬಸ್ಸಿನುದ್ದಕ್ಕೂ ಮಾವನಿಗೆ ಹೇಳಿಕೊಟ್ಟೆ. ಮಾವ ತಲೆಯಾಡಿಸಿದ. ವಾಡೆಯ ಅಂಗಳಕ್ಕೆ ಕಾಲಿಟ್ಟವನೇ ಅಟ್ಟದ ಹಲಗೆಗಳ ರಾಶಿ ನೋಡಿ, "ಅಯ್ಯಯ್ಯ! ಇಂಥ ಹಲಗಿ ಮೂರು ತಾಲ್ಲೂಕಿನಾಗ ಸಿಗಂಗಿಲ್ಲ ನೋಡೋ ತಮ್ಮಾ!" ಎಂದು ಕೂಗಿದ.

ಮಾರುವವನ ಮುಖ ಅರಳಿತು. ನನ್ನದು ಬಾಡಿತು.

"ಎಷ್ಟ್ ಫೂಟ್ ಬೇಕ್ರಿ?" ಎಂದ ಅವನು.

"ಫೂಟ್ ಗೀಟ್ ನಂಗ ತಿಳಿಯಂಗಿಲ್ಲ. ಗಜ, ಗಿರಾ ಲೆಕ್ಕದಾಗ ಹೇಳ್ತೇನಿ," ಎಂದು ಮಾವ ಕೊರಳಲ್ಲಿದ್ದ ಟೇಪು ತೆಗೆದ. "ಇದರ ಅರ್ಜ ಎಷ್ಟು? ತೊಳದ್ರ ಸಣ್ಣ ಆಗ್ತದೇನು?"

ಗಜ, ಗಿರಾ ಬಟ್ಟೆಯ ಅಳತೆ; ಅರ್ಜ ಎಂದರೆ ಬಟ್ಟೆಯ ಅಗಲ. ಮಾರುವವನು ನನ್ನ ಕಡೆ ನೋಡಿದ. ನಾನು ಆಕಾಶದ ಕಡೆ ನೋಡಿದೆ.

ಆಮೇಲೆ ಶುರುವಾಯಿತು ಪರೀಕ್ಷೆ. ಎರಡು ಕಲ್ಲುಗಳ ಮೇಲೆ ಒಂದೊಂದೇ ಹಲಗೆ ಅಡ್ಡ ಇಡುವುದು. ಒಂದು ತುದಿಯಲ್ಲಿ ಮಾವ ಕಣ್ಣು ಮುಚ್ಚಿ, ಎರಡೂ ಕಿವಿಗೆ ಬೆರಳು ತುರುಕಿಕೊಂಡು ಕೂಡುವುದು. ಇನ್ನೊಂದು ತುದಿಯಲ್ಲಿ ನಾನು, ಆಳಂದದ ಅಡತಿ ವ್ಯಾಪಾರಿ, ಧೋತರ ಎತ್ತಿಕೊಂಡು ನಡೆಯುವುದು! ದಪ್ಪನೆಯ, ಗಟ್ಟಿಮುಟ್ಟಾದ ಸಾಗವಾನಿ ಹಲಗೆ ಬಂದಾಗೆಲ್ಲ ಮಾವ, "ಬ್ಯಾಡ, ತಗೀ," ಎನ್ನುವನು. ಸವೆದು ತೆಳ್ಳಗಾಗಿ, ಕಾಲಿಟ್ಟರೆ ತೊನೆಯುವ ಹಲಗೆ ಬಂದರೆ, "ಇದು! ಇದು ಹೌದು!" ಎಂದು ಕಣ್ಣು ತೆರೆಯುವನು.

ಮಾರುವವನು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳಿದ: "ಸಾವಕಾರ್ರ, ಹಿರ್ಯಾರ ತಲಿ ಹ್ಯಾಂಗದರಿ?"

ನಾನು ನಿಟ್ಟುಸಿರು ಬಿಟ್ಟೆ. "ನೀವs ನೋಡಾಕತ್ತೀರಲ್ರೀ. ಇಂಥವರ ಕಡಿಂದ ನೀವು ಪೂರಾ ರೊಕ್ಕ ತಗೊಂಡ್ರ ದೇವ್ರು ಮೆಚ್ಚತಾನೇನ್ರಿ?"

ಅರ್ಧ ಬೆಲೆಗೆ ಬಂತು. ಅಷ್ಟು ವರ್ಷದ ವ್ಯಾಪಾರದಲ್ಲಿ ನಾನು ಗೆದ್ದ ಅತಿ ದೊಡ್ಡ ಚೌಕಾಶಿ ಅದು, ಮತ್ತು ಅದರ ಕೀರ್ತಿಯೆಲ್ಲ ಮಾವನಿಗೇ ಸಲ್ಲಬೇಕು.

ಕೆಲಸ ಶುರುವಾಯಿತು. ಅಳತೆಗೆ ಸಿಂಪಿಗರ ಟೇಪು, ಗೆರೆಗೆ ಸಿಂಪಿಗರ ಸೀಮೆಸುಣ್ಣ. ಕೊಟ್ಟಿಗೆಯ ಅಳತೆ ತೆಗೆಯುವಾಗ ಮಾವ ಗೋಡೆಗೆ, "ಉಸಿರ ಬಿಟ್ಟು ಆರಾಮ ನಿಲ್ಲು," ಎಂದು ಹೇಳಿದನೆಂದು ನೆರೆಮನೆಯವರು ಈಗಲೂ ಆಣೆ ಮಾಡುತ್ತಾರೆ. ಇದನ್ನು ನಾನು ನಂಬುವುದಿಲ್ಲ. ಆದರೆ ಒಂದನ್ನು ನಾನೇ ಕಣ್ಣಾರೆ ಕಂಡೆ: ಹಲಗೆ ಕೊಯ್ಯುವಾಗ ಪ್ರತಿಯೊಂದಕ್ಕೂ, ಬಟ್ಟೆಗೆ ಹೊಲಿಗೆಯ ಒಳಗೆ ಬಿಡುತ್ತಾರಲ್ಲ, ಹಾಗೆ ಎರಡೂ ತುದಿಗೆ ಒಂದಿಷ್ಟು ಹೆಚ್ಚಿಗೆ ಬಿಟ್ಟಿದ್ದ. ಗೋಡೆಯಿಂದ ಗೋಡೆಗೆ ಒಂದು ಹಲಗೆಯೂ ಕೂಡಲಿಲ್ಲ!

"ಹೆಚ್ಚಿಗಿ ಯಾಕ ಬಿಟ್ರಿ ಮಾಮಾ?"

"ಮುಂದ ದಪ್ಪ ಆದ್ರ ಬಿಚ್ಚಾಕ ಬರ್ತದ."

"ಯಾರು ದಪ್ಪ ಆಗ್ತಾರ್ರಿ? ಕೊಟ್ಟಿಗೀನಾ?"

"ಅಂಗಿ ಹೊಲಿಸಿದ ಮಂದೀನೂ ಹಿಂಗs ಅಂದಿದ್ರು," ಎಂದು ಮಾವ ಗಂಭೀರವಾಗಿ ಮತ್ತೆ ಕೊಯ್ಯಲು ಕೂತ. ಈ ಸಲ ಗಿಡ್ಡ ಕೊಯ್ದ. ಗಿಡ್ಡವಾದ ಕಡೆ ತುಂಡು ಸೇರಿಸಿದ. ತುಂಡು ಸಾಲದ ಕಡೆ ಇನ್ನೊಂದು ತುಂಡು. ನೋಡನೋಡುತ್ತ ಕೊಟ್ಟಿಗೆಯಲ್ಲಿ ಒಂದು ಕಟ್ಟಿಗೆಯ ಕೌದಿ ಹರಡಿಕೊಳ್ಳತೊಡಗಿತು. ಮೊಳೆಗಳನ್ನು ಮೊದಲು ಅರ್ಧ ಮಾತ್ರ ಹೊಡೆದು, "ಇದು ಕಚ್ಚಾ ಹೊಲಿಗಿ," ಎಂದ. ಆಮೇಲೆ ಟ್ರಯಲ್ ನೋಡಬೇಕೆಂದು ನನ್ನನ್ನು ಅದರ ಮೇಲೆ ನಡೆಸಿದ, ಬಗ್ಗಿಸಿದ, ಕೂಡಿಸಿದ. ಅರ್ಧ ಎದ್ದಿದ್ದ ಮೊಳೆಯೊಂದು ನನ್ನ ಧೋತರ ಹಿಡಿದು ಹರಿಯಿತು. "ಬಿಡು, ಹೊಲದು ಕೊಡ್ತೇನಿ," ಎಂದ ಮಾವ. ಯಾವಾಗ ಎಂದು ಕೇಳಿದೆ. "ಬರೋ ಸೋಮಾರ." ಆ ಧೋತರ ಇನ್ನೂ ಅವನ ಮನೆಯಲ್ಲೇ ಇದೆ.

ನನಗೆ ಬೇಸರ ಬರತೊಡಗಿತು. ಅಂಗಡಿ ಬಿಟ್ಟು, ಸುಗ್ಗಿಯ ತೊಗರಿ ಬಿಟ್ಟು, ಬಸ್ಸಿನಲ್ಲಿ ಮೈ ಮುರಿದುಕೊಂಡು ನಾನು ಬುದ್ಧಿ ಹೇಳಲು ಬರುವುದು, ಮಾವ ಕೇಳದಿರುವುದು. ಹಲಗೆಗಳ ಕೆಳಗೆ ಆ ತುದಿಗೊಂದು ಈ ತುದಿಗೊಂದು ತೊಲೆ ಇಟ್ಟಿದ್ದ, ನಡುವೆ ಏನೂ ಇಲ್ಲ. ಕಾಲಿಟ್ಟರೆ ನೆಲ ಜೋಲಿಯಾಡುತ್ತಿತ್ತು. ಯಾವ ಬಡಿಗನನ್ನು ಕೇಳಿದರೂ ಹೇಳುವ ಮಾತನ್ನೇ ನಾನೂ ಹೇಳಿದೆ.

"ನಡಕ ಇನ್ನೊಂದು ತೊಲಿ ಕೊಡ್ರಿ ಮಾಮಾ. ಗಟ್ಟಿ ಆಗ್ತದ."

"ಬ್ಯಾಡ. ಬಿಗಿ ಆಗ್ತದ. ಬಿಗಿ ಅಂಗಿ ಯಾರ ಹಾಕ್ಕೋತಾರ?"

  ನಾನು ಆಯಾಸದಿಂದ ಹೊಸ್ತಿಲ ಮೇಲೆ ಕುಸಿದು ಕೂತೆ. ಅತ್ತೆ ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ಕೂತು ನಮ್ಮಿಬ್ಬರನ್ನು ನೋಡುತ್ತಿದ್ದಳು. ಕೊಟ್ಟಿಗೆಯಲ್ಲಿ ಸುತ್ತಿಗೆ ಬಡಿಯುವ ಸದ್ದು ಇಡೀ ಓಣಿಗೆ ಕೇಳುತ್ತಿತ್ತು, ಅವಳೊಬ್ಬಳನ್ನು ಬಿಟ್ಟು. ಒಳಗಿನಿಂದ ಎಮ್ಮೆ ಕೂಗಿ ಕರೆಯುತ್ತಿತ್ತು. ಅದೂ ಅವಳಿಗೆ ಕೇಳುತ್ತಿರಲಿಲ್ಲ.

ನೆಲ ಮುಗಿಯಿತು. ಬಾಗಿಲಿಂದ ಹಿಡಿದು ಎಮ್ಮೆ ಕಟ್ಟುವ ಜಾಗದ ಅಂಚಿನವರೆಗೆ. ಅಲ್ಲಿಂದಾಚೆ ಹಳೆಯ ಫರಸಿಯೇ. ನಾನು ಎಮ್ಮೆಯ ಹಗ್ಗ ಹಿಡಿದು ಹಲಗೆಯ ಮೇಲೆ ಹತ್ತಿಸಲು ನೋಡಿದೆ. ಅದು ಒಂದು ಕಾಲಿಟ್ಟಿತು. ಕೆಳಗಿನ ಟೊಳ್ಳಿನಿಂದ 'ಧಡ್' ಎಂದು ಸದ್ದು ಬಂತು. ಎಮ್ಮೆ ಕಣ್ಣು ತಿರುಗಿಸಿ, ಹಿಂದೆ ಸರಿದು, ನನ್ನ ಹೆಬ್ಬೆರಳ ಮೇಲೆ ನಿಂತುಕೊಂಡಿತು.

"ಅದನ್ಯಾಕ ಹತ್ತಸ್ತಿ?" ಎಂದ ಮಾವ. "ಅದಕ್ಕ ಯಾರ ಮಾಡ್ಯಾರ?"

"ಎಮ್ಮಿ ಗೊರಸಿಗೆ ಛಲೋ ಅಂದಿದ್ರಲ್ರೀ!"

"ಅಂದಿದ್ದೆ," ಎಂದ ಮಾವ, ಮತ್ತು ಮಾತು ಮುಗಿಯಿತು.

ಯುಗಾದಿ ಹತ್ತಿರ ಬಂತು. ಚೌಡಾಪುರದ ಗಿರಾಕಿ ಬಂದ. ವ್ಯವಹಾರ ಬಲ್ಲ ಮನುಷ್ಯ. ಹಾಲು ಕಣ್ಣಿಂದ ನೋಡದೆ ಎಮ್ಮೆ ಕೊಳ್ಳುವುದಿಲ್ಲ ಎಂದ. ಸರಿಯಾದ ಮಾತೇ, ನಾನಾದರೂ ಹಾಗೇ ಅನ್ನುತ್ತಿದ್ದೆ. ಆದರೆ ಹಿಂಡುವವರು ಯಾರು? ಅವನ ಮುಂದೆ ಮಾವ ಸೀರೆ ಉಟ್ಟರೆ ವ್ಯಾಪಾರ ಕುದುರುತ್ತದೆಯೇ?

ಅತ್ತೆಗೆ ಒದರಿ ಹೇಳಿದೆ: "ಒಂದs ಸಲ ಬಾ ಅತ್ತಿ. ಇದs ಕಡಿ ಸಲ."

ಅವಳು ಒಮ್ಮೆ ತನ್ನ ಮುಂಗೈ ಸವರಿಕೊಂಡಳು. ಆಮೇಲೆ ಎದ್ದು ಹಾಲಿನ ಚರಿಗೆ ತೊಳೆದುಕೊಂಡು, ತಂಬಿಗೆಯಲ್ಲಿ ನೀರು ಹಿಡಿದು ಬಂದಳು. ಹೊಸ್ತಿಲಲ್ಲಿ ನಿಂತು ಕೌದಿಯಂಥ ಆ ನೆಲವನ್ನು ನೋಡಿದಳು. "ಏನ್ರಿ ಇದು, ಚಿಂದಿ ಹಾಸೀರಿ!" ಎಂದಳು. ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಬಂದು ಹಲಗೆಯ ಅಂಚಿನ ಮೇಲೆ ಕೂತಳು, ಕಾಲು ಕೆಳಗೆ ಫರಸಿಯ ಮೇಲೆ, ಎಮ್ಮೆಯ ಕೆಚ್ಚಲು ಕೈಯಳತೆಯಲ್ಲಿ. ಗಿರಾಕಿಯೂ ನಾನೂ ಗೋದಲಿಯ ಹತ್ತಿರ, ಅವಳ ಕಣ್ಣಿಗೆ ಬೀಳುವಂತೆ ನಿಂತೆವು. ಅವಳು ಒಮ್ಮೆ ಹಿಂದೆ ನೋಡಿದಳು. ಕೆಚ್ಚಲಿಗೆ ನೀರು ಚಿಮುಕಿಸಿ, ತಂಬಿಗೆಯನ್ನು ಪಕ್ಕದಲ್ಲಿ ಹಲಗೆಯ ಮೇಲೆ ಇಟ್ಟಳು. ಮತ್ತೊಮ್ಮೆ ಹಿಂದೆ ನೋಡಿದಳು. ಆಮೇಲೆ ಹಿಂಡತೊಡಗಿದಳು. ಎಮ್ಮೆ ಕಣ್ಣು ಅರ್ಧ ಮುಚ್ಚಿತು. ಹಾಲು ಸುರಿಯಿತು.

ಆಗ ಅವಳ ಬೆನ್ನ ಹಿಂದೆ ಮಾವ ಬಾಗಿಲಲ್ಲಿ ಕಾಣಿಸಿಕೊಂಡ. ಬರಿಗಾಲು, ಕೈಯಲ್ಲಿ ಹಿಂಡಿಯ ಬುಟ್ಟಿ.  ಬೇಡ ಎಂದು ಕೈಸನ್ನೆ ಮಾಡಿದೆ. ಮಾವ ನನ್ನನ್ನು ನೋಡಲೇ ಇಲ್ಲ. ಹಲಗೆಯ ಮೇಲೆ ಕಾಲಿಟ್ಟ. ತಂಬಿಗೆಯ ನೀರಿನಲ್ಲಿ ಬಳೆಯಂಥ ಒಂದು ಸಣ್ಣ ಅಲೆ ಎದ್ದು ಅಂಚಿಗೆ ಹೋಗಿ ಬಡಿಯಿತು. ಇನ್ನೊಂದು ಹೆಜ್ಜೆ. ಇನ್ನೊಂದು ಬಳೆ.

ಅತ್ತೆಯ ಕೈ ನಿಂತಿತು. ತಿರುಗಲಿಲ್ಲ.

"ಹಿಂಡಿ ತಂದ್ರೇನು?" ಎಂದಳು. "ಗ್ವಾದಲ್ಯಾಗ ಹಾಕ್ರಿ." ಮತ್ತೆ ಹಿಂಡತೊಡಗಿದಳು.

ಸ್ವಲ್ಪ ಹೊತ್ತಿನ ಮೇಲೆ ಮುಖವೆತ್ತಿ ನನ್ನನ್ನು ನೋಡಿದಳು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಬೈಯುವ ಕಳೆ ಬಂದಿತ್ತು.

"ನೋಡಿದ್ಯೋ? ನಂಗ ಕಿವಿ ಕೇಳಂಗಿಲ್ಲ ಅಂತ ಊರೆಲ್ಲ ಆಡಕೋತದ! ಬರಿಗಾಲಲೆ ಬಂದ್ರೂ ಕೇಳಿಸ್ತು ನಂಗ!"

"ಕೇಳಿಸ್ತದ, ಕೇಳಿಸ್ತದ," ಎಂಬಂತೆ ಮಾವ ಅವಳ ಮುಂದೆ ಬಂದು ತಲೆಯಾಡಿಸಿದ. ಹಿಂಡಿ ಅರ್ಧ ಗೋದಲಿಗೆ ಬಿತ್ತು, ಅರ್ಧ ಎಮ್ಮೆಯ ತಲೆಯ ಮೇಲೆ.

"ಎಮ್ಮಿ ಮಾರಂಗಿಲ್ಲ," ಎಂದಳು ಅತ್ತೆ. "ಹೇಳಿ ಕಳಿಸು ಅವಗ."

ಗಿರಾಕಿ ಸಿಟ್ಟಾದ. ಸಹಜವೇ. ಚೌಡಾಪುರದಲ್ಲಿ ಕೂತು ಆ ಎಮ್ಮೆಯನ್ನು ಕಾಮಧೇನುವಿನ ತಂಗಿ ಎಂದು ಹೊಗಳಿದ್ದವನು ನಾನೇ. ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಅದೇ ನಾಲಿಗೆಯಿಂದ ಎಲ್ಲವನ್ನೂ ತಿರುಗಿಸಿ ಹೇಳಿದೆ.

"ಒದಿತದ್ರಿ. ಮನಿ ಹೆಣ್ಣಮಗಳ ಕೈ ಮುರದದ. ವಯಸ್ಸಾಗ್ಯದ. ಮ್ಯಾಲೆ ಗಂಡಸರಿಗೆ ಹಾಲs ಬಿಡಂಗಿಲ್ಲ. ನಿಮಗ ಸೀರಿ ಉಟಕೊಳ್ಳಾಕ ಬರ್ತದೇನ್ರಿ?"

ಅವನು ನನ್ನ ಮುಖವನ್ನೂ, ಕೊಟ್ಟಿಗೆಯನ್ನೂ ನೋಡಿ, ಇಡೀ ಮನೆತನಕ್ಕೇ ಏನೋ ಹತ್ತಿದೆ ಎಂದುಕೊಂಡಿರಬೇಕು. ಬಸ್ಸಿಗೆ ಹೊತ್ತಾಯಿತೆಂದು ಹೊರಟ.

ನಾನು ಕೊಟ್ಟಿಗೆಗೆ ವಾಪಸು ಬಂದೆ. ಅತ್ತೆ ಹಲಗೆಯ ಅಂಚಿನಲ್ಲಿ ನಿಂತು, ಬಾಗಿಲಿಗೆ ಬೆನ್ನು ಮಾಡಿ ಎಮ್ಮೆಯ ಮೈ ತಿಕ್ಕುತ್ತಿದ್ದಳು, ಅದಕ್ಕೆ ಏನೋ ಹೇಳುತ್ತಿದ್ದಳು. ಬಹಳ ದಿನದ ಸುದ್ದಿ ಬಾಕಿ ಇತ್ತಲ್ಲ. ಅದನ್ನು ಕೆಡಿಸಬಾರದೆಂದು ನಾನು ಚಪ್ಪಲಿ ಕಳಚಿ, ಕಳ್ಳನಂತೆ ತುದಿಬೆರಳಲ್ಲಿ ಹಲಗೆ ಹತ್ತಲು ಹೋದೆ.

ಬಾಗಿಲ ಪಕ್ಕದಲ್ಲಿ ಕೂತಿದ್ದ ಮಾವ ನನ್ನ ತೋಳು ಹಿಡಿದ. ಅವನ ಕಣ್ಣು ಒದ್ದೆಯಾಗಿತ್ತು.

"ಹಂಗ ಅಲ್ಲ ತಮ್ಮಾ," ಎಂದು ಪಿಸುಗುಟ್ಟಿದ. "ಜೋರ್ ಕಾಲಿಡು."

ಇಟ್ಟೆ. ಹಲಗೆ ತೊನೆಯಿತು.

"ಬಂದೇನೋ?" ಎಂದಳು ಅತ್ತೆ, ಎಮ್ಮೆಯ ಬೆನ್ನ ಮೇಲಿಂದ ಕೈ ತೆಗೆಯದೆ.